ಮುಟ್ಟು ನಿಂತ ಮೇಲೆ ಹಾರ್ಮೋನ್ ಚಿಕಿತ್ಸೆ: ತೂಕದ ಲೆಕ್ಕ ಇಡುವ ಕ್ರಮ

ಹಾರ್ಮೋನ್ ಚಿಕಿತ್ಸೆ, ಅಂದರೆ ಎಚ್‌ಆರ್‌ಟಿ, ಬೇಡ ಅನ್ನುವವರನ್ನು ಕೇಳಿ ನೋಡಿ. ಕ್ಯಾನ್ಸರಿನ ಭಯದ ಬೆನ್ನಿಗೇ ಬರುವ ಮಾತು ‘ದಪ್ಪ ಆಗಿಬಿಡ್ತೀನಿ’ ಅನ್ನುವುದು. ಇನ್ನು ಕೆಲವರು ಹೊಟ್ಟೆ ಕರಗಲಿ ಅಂತಲೇ ಹಾರ್ಮೋನ್ ಬರೆದುಕೊಡಿ ಎಂದು ವೈದ್ಯರನ್ನು ಕೇಳುತ್ತಾರೆ. ಇಬ್ಬರ ಲೆಕ್ಕವೂ ತಪ್ಪು. ಬಿಸಿಯುರಿ (ಇದ್ದಕ್ಕಿದ್ದಂತೆ ಮೈ ಕಾಯುವ ಹಾಟ್ ಫ್ಲ್ಯಾಶ್), ರಾತ್ರಿಯ ಬೆವರು, ನಿದ್ದೆಗೇಡು, ಯೋನಿಯ ಒಣತನ, ಮೂಳೆ ಸವೆತ ಇವುಗಳಿಗಾಗಿ ಕೊಡುವ ಔಷಧ ಅದು. ತೂಕದ ಮೇಲೆ ಅದರ ಪ್ರಭಾವ ಚಿಕ್ಕದು, ಅದೂ ಬಹುಮಟ್ಟಿಗೆ ಒಳ್ಳೆಯ ದಿಕ್ಕಿನಲ್ಲೇ. ಆದರೆ ಮೊದಲ ಕೆಲವು ವಾರ ತೂಕದ ಯಂತ್ರ ಬೇರೆಯೇ ಕಥೆ ಹೇಳುತ್ತದೆ. ಅದನ್ನು ನಂಬಿ ಚಿಕಿತ್ಸೆ ಬಿಟ್ಟವರು ಬೇಕಾದಷ್ಟು ಜನ.

ಶುರುಮಾಡುವ ಮುನ್ನ ಏನನ್ನು ಅಳೆದು ಬರೆದಿಡಬೇಕು, ಮೊದಲ 3 ತಿಂಗಳ ಏರಿಳಿತವನ್ನು ಹೇಗೆ ಓದಬೇಕು, ಯಾವಾಗ ಔಷಧದ ಬಗೆ ಬದಲಿಸಲು ಕೇಳಬೇಕು, ಯಾವಾಗ ಅನುಮಾನವನ್ನು ಬೇರೆ ಕಡೆ ತಿರುಗಿಸಬೇಕು ಎಂಬುದು ಮುಂದಿದೆ. ಔಷಧ ಯಾವುದು, ಎಷ್ಟು ಎಂಬ ತೀರ್ಮಾನ ವೈದ್ಯರದು. ಅವರ ಮುಂದೆ ಕೂತಾಗ ನಿಮ್ಮ ಕೈಯಲ್ಲಿ ಅಂಕಿಗಳಿದ್ದರೆ ಆ ತೀರ್ಮಾನ ಸರಿಯಾಗಿ ಬರುತ್ತದೆ.

ಏರಿಸುತ್ತಿರುವುದು ವಯಸ್ಸೋ ಹಾರ್ಮೋನೋ

ಸತತ 12 ತಿಂಗಳು ಮುಟ್ಟು ಬಾರದಿದ್ದರೆ ನಿಂತಿತು ಎಂದು ಲೆಕ್ಕ. ಬಹುತೇಕರಿಗೆ ಇದು 45ರಿಂದ 55ರೊಳಗೆ ಆಗುತ್ತದೆ. ಇದೇ ವರ್ಷಗಳಲ್ಲಿ ಹೆಂಗಸರ ತೂಕ ಸರಾಸರಿ ವರ್ಷಕ್ಕೆ ಸುಮಾರು ಅರ್ಧ ಕೆ.ಜಿ. ಏರುತ್ತದೆ, ಹಾರ್ಮೋನ್ ತಗೊಂಡರೂ ತಗೊಳ್ಳದಿದ್ದರೂ. ಮಾತ್ರೆ ಶುರುವಾಗುವ ವಯಸ್ಸು, ತೂಕ ಏರುವ ವಯಸ್ಸು ಎರಡೂ ಒಂದೇ ಆಗಿರುವುದರಿಂದ ತಪ್ಪೆಲ್ಲ ಮಾತ್ರೆಯ ತಲೆಗೆ ಬೀಳುತ್ತದೆ.

ಅಮೆರಿಕದಲ್ಲಿ 1990ರ ದಶಕದ ನಡುವೆ ಶುರುವಾದ ಸ್ವಾನ್ ಅಧ್ಯಯನ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಅಳೆಯುತ್ತಾ ಬಂತು. 2019ರಲ್ಲಿ ಅದರ ತಂಡ ಪ್ರಕಟಿಸಿದ ಲೆಕ್ಕ ಕುತೂಹಲದ್ದು. ಒಟ್ಟು ತೂಕ ಮುಟ್ಟು ನಿಲ್ಲುವ ಹೊತ್ತಿಗೆ ಏಕಾಏಕಿ ಜಿಗಿಯಲಿಲ್ಲ, ಮೊದಲಿನ ವೇಗದಲ್ಲೇ ಏರಿತು. ಬದಲಾದದ್ದು ಒಳಗೆ. ಮುಟ್ಟು ಏರುಪೇರಾಗತೊಡಗಿದ ಕಾಲದಿಂದ ಕೊಬ್ಬು ಸೇರುವ ವೇಗ ಸುಮಾರು ಇಮ್ಮಡಿಯಾಯಿತು, ಸ್ನಾಯು ಕರಗತೊಡಗಿತು. ಕೊನೆಯ ಮುಟ್ಟಿನ ನಂತರ ಸುಮಾರು 2 ವರ್ಷ ಹೀಗೇ ಸಾಗಿ, ಆಮೇಲೆ ಒಂದು ಮಟ್ಟಕ್ಕೆ ಬಂದು ನಿಂತಿತು. ತೂಕ ಹಳೆಯದೇ ಇದ್ದು ಸೊಂಟದ ಬಟ್ಟೆ ಮಾತ್ರ ಬಿಗಿಯಾಗಿದೆ ಅನ್ನಿಸಿದರೆ ಅದು ನಿಮ್ಮ ಭ್ರಮೆಯಲ್ಲ.

ಮುಟ್ಟು ನಿಂತಾಗ ಮೈಯಲ್ಲಿ ಕುಸಿಯುವ, ಈ ಚಿಕಿತ್ಸೆ ಹೊರಗಿನಿಂದ ಕೊಡುವ ಹಾರ್ಮೋನ್ ಈಸ್ಟ್ರೋಜನ್. ಅದು ಸಾಕಷ್ಟಿರುವಾಗ ಕೊಬ್ಬು ತೊಡೆ, ಪೃಷ್ಠಗಳಲ್ಲಿ ಚರ್ಮದ ಕೆಳಗೆ ಸೇರುತ್ತದೆ. ಅದು ಕುಸಿದ ಮೇಲೆ ಹೊಟ್ಟೆಯೊಳಗೆ, ಕರುಳು ಮತ್ತು ಲಿವರಿನ ಸುತ್ತ ಜಾಗ ಹಿಡಿಯುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಇವುಗಳಿಗೆ ದಾರಿ ಮಾಡುವುದು ಮುಖ್ಯವಾಗಿ ಈ ಒಳಕೊಬ್ಬೇ. ಆದ್ದರಿಂದ ಮುಟ್ಟು ನಿಂತವರಿಗೆ ತೂಕದ ಯಂತ್ರಕ್ಕಿಂತ ಅಳತೆಪಟ್ಟಿ ಹೆಚ್ಚು ನಿಜ ಹೇಳುತ್ತದೆ.

‘ಮೆಟಬಾಲಿಸಂ ಸತ್ತುಹೋಗಿದೆ’ ಎಂಬ ದೂರೂ ಸಾಮಾನ್ಯ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ 6,400ಕ್ಕೂ ಹೆಚ್ಚು ಜನರ ಅಳತೆ ಪ್ರಕಟವಾಯಿತು. ಮೈಯ ಗಾತ್ರ ಮತ್ತು ಸ್ನಾಯುವಿನ ಪ್ರಮಾಣವನ್ನು ಲೆಕ್ಕಕ್ಕೆ ತಗೊಂಡರೆ 20ರಿಂದ 60ರವರೆಗೆ ದಿನದ ಶಕ್ತಿಯ ಖರ್ಚು ಹೆಚ್ಚುಕಡಿಮೆ ಒಂದೇ, ಗಂಡಸರಿಗೂ ಹೆಂಗಸರಿಗೂ. ಇಳಿಯುವುದು 60 ದಾಟಿದ ಮೇಲೆ, ವರ್ಷಕ್ಕೆ ಸುಮಾರು 0.7%. ಹಾಗಾಗಿ 50ರ ಆಸುಪಾಸಿನಲ್ಲಿ ಹುಡುಕಬೇಕಾದದ್ದು ಕಳೆದುಹೋದ ಸ್ನಾಯು, ಕಡಿಮೆಯಾದ ಓಡಾಟ ಮತ್ತು ಕೆಟ್ಟ ನಿದ್ದೆಯನ್ನು. ರಾತ್ರಿ ನಾಲ್ಕು ಸಲ ಬೆವರಿ ಎಚ್ಚರವಾದವರಿಗೆ ಮರುದಿನ ಹಸಿವು ಜಾಸ್ತಿ, ಕೈಕಾಲು ಆಡಿಸುವ ಹುಮ್ಮಸ್ಸು ಕಡಿಮೆ. ಎಚ್‌ಆರ್‌ಟಿಯಿಂದ ತೂಕಕ್ಕೆ ಅನುಕೂಲವಾದವರಲ್ಲಿ ಎಷ್ಟೋ ಜನರಿಗೆ ಅದು ಆಗಿರುವುದು ನಿದ್ದೆ ಮರಳಿದ ದಾರಿಯಿಂದಲೇ ಇರಬೇಕು.

ಇನ್ನು ಚಿಕಿತ್ಸೆಯ ಮೇಲಿನ ಪುರಾವೆ. 1995ರಲ್ಲಿ ಪ್ರಕಟವಾದ ಪೆಪಿ ಪ್ರಯೋಗದಲ್ಲಿ 875 ಹೆಂಗಸರನ್ನು 3 ವರ್ಷ ನೋಡಿದರು. ಹಾರ್ಮೋನ್ ತಗೊಂಡವರು ಹುಸಿಮಾತ್ರೆ ತಗೊಂಡವರಿಗಿಂತ ಸುಮಾರು 1 ಕೆ.ಜಿ. ಕಡಿಮೆ ಏರಿದರು. ಈ ವಿಷಯದ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ ಕಾಕ್ರೇನ್ ವಿಮರ್ಶೆಗೂ, ಆ ವಯಸ್ಸಿನಲ್ಲಿ ಹೇಗೂ ಏರುವುದಕ್ಕಿಂತ ಹೆಚ್ಚನ್ನು ಹಾರ್ಮೋನ್ ಏರಿಸುತ್ತದೆ ಎಂಬ ಪುರಾವೆ ಸಿಗಲಿಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನ ಆಸ್ಟಿಯೋಲಾಸ್ ಅಧ್ಯಯನ 2018ರಲ್ಲಿ ಹೇಳಿದ್ದು: ಹಾರ್ಮೋನ್ ತಗೊಳ್ಳುತ್ತಿರುವವರಲ್ಲಿ ಹೊಟ್ಟೆಯ ಒಳಕೊಬ್ಬು ಕಡಿಮೆ, ಆದರೆ ಬಿಟ್ಟವರಲ್ಲಿ ಆ ಲಾಭ ಉಳಿದಿಲ್ಲ. ಒಟ್ಟಾರೆ, ಕೊಬ್ಬು ಹೊಟ್ಟೆಗೆ ಸರಿಯುವುದಕ್ಕೆ ಈ ಔಷಧ ಸ್ವಲ್ಪ ಅಡ್ಡಗಾಲು ಹಾಕುತ್ತದೆ, ತಗೊಳ್ಳುವಷ್ಟು ದಿನ. ಅದಕ್ಕಿಂತ ಹೆಚ್ಚು ಮಾತು ಕೊಡುವವರನ್ನು ನಂಬಬೇಡಿ.

ಮೊದಲ ಡೋಸಿಗೆ 2 ವಾರ ಮುಂಚೆ

ಈ ಹಂತವನ್ನು ಬಹಳ ಜನ ಹಾರಿಸಿಬಿಡುತ್ತಾರೆ. ಆಮೇಲೆ ‘ಮೊದಲು ಎಷ್ಟಿತ್ತು’ ಎಂದರೆ ಯಾವಾಗಲೋ ತೂಗಿದ ನೆನಪಷ್ಟೇ ಇರುತ್ತದೆ.

ತೂಕ ನೋಡುವುದು ಬೆಳಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನೂ ಕುಡಿಯುವ ಮುಂಚೆ. ಯಂತ್ರ ಗಟ್ಟಿ ನೆಲದ ಮೇಲಿರಲಿ. ಚಾಪೆ, ಕಾರ್ಪೆಟ್ ಮೇಲಿಟ್ಟರೆ ಅಂಕಿ ಹೆಚ್ಚುಕಡಿಮೆಯಾಗುತ್ತದೆ. ದಿನದಿಂದ ದಿನಕ್ಕೆ 1 ಕೆ.ಜಿ.ವರೆಗಿನ ಏರಿಳಿತ ಎಲ್ಲರಿಗೂ ಇದ್ದದ್ದೇ: ಹಿಂದಿನ ರಾತ್ರಿಯ ಉಪ್ಪು, ಮಲಬದ್ಧತೆ, ಬೆವರು. ಆದ್ದರಿಂದ ಒಂದು ದಿನದ ಅಂಕಿಗೆ ಬೆಲೆಯಿಲ್ಲ. 7 ದಿನದ ಅಂಕಿಗಳನ್ನು ಕೂಡಿ 7ರಿಂದ ಭಾಗಿಸಿ ಬಂದದ್ದನ್ನು ಬರೆದಿಡಿ. ಹೀಗೆ 2 ವಾರದ 2 ಸರಾಸರಿ ಸಿಕ್ಕರೆ ಅದು ನಿಮ್ಮ ಆರಂಭದ ಗೆರೆ.

ಹೊಟ್ಟೆಯ ಸುತ್ತಳತೆಗೆ ಹೊಲಿಗೆಯವರು ಬಳಸುವ ಹಿಗ್ಗದ ಟೇಪು ಸಾಕು. ಪಕ್ಕೆಯಲ್ಲಿ ಬೆರಳೊತ್ತಿ ಕೊನೆಯ ಪಕ್ಕೆಲುಬಿನ ಕೆಳ ಅಂಚು ಹುಡುಕಿ, ಅಲ್ಲಿ ಪೆನ್ನಿನಿಂದ ಚುಕ್ಕೆ ಇಡಿ. ಕೈಯನ್ನು ಕೆಳಗೆ ಜಾರಿಸಿದರೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ, ಅಲ್ಲೊಂದು ಚುಕ್ಕೆ. ಎರಡರ ನಟ್ಟನಡುವೆ ಟೇಪು ಹೋಗಬೇಕು, ಹೊಕ್ಕುಳ ಎಲ್ಲಿದ್ದರೂ ಸರಿ. ಟೇಪು ಬೆನ್ನಿನ ಕಡೆ ಕೆಳಗೆ ಇಳಿದಿಲ್ಲವೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ, ಅಳತೆ ತಪ್ಪುವುದು ಹೆಚ್ಚಾಗಿ ಅಲ್ಲೇ. ಸಹಜವಾಗಿ ಉಸಿರು ಬಿಟ್ಟು, ಅದರ ಕೊನೆಯಲ್ಲಿ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಟೇಪು ಚರ್ಮಕ್ಕೆ ತಾಗಿರಬೇಕು, ಒಳಗೆ ಒತ್ತಿರಬಾರದು. ಎರಡು ಸಲ ಅಳೆದು, ವ್ಯತ್ಯಾಸ 1 ಸೆಂ.ಮೀ. ಮೀರಿದರೆ ಮೂರನೆಯ ಸಲ ಅಳೆಯಿರಿ. ಈ ಅಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 156 ಸೆಂ.ಮೀ. ಎತ್ತರದವರಿಗೆ ಮಿತಿ 78. ತಿಂಗಳಿಗೊಮ್ಮೆ ಅಳೆದರೆ ಸಾಕು, ವಾರವಾರ ಅಳೆಯುವುದರಲ್ಲಿ ಅರ್ಥವಿಲ್ಲ.

ಸ್ನಾಯುವಿನ ಬಲಕ್ಕೂ ಒಂದು ಅಂಕಿ ಇರಲಿ. ಕೈಯಿಲ್ಲದ, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. 60ರಿಂದ 64 ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು ಎಂದರ್ಥ. 50ರ ವಯಸ್ಸಿನಲ್ಲೇ ಅಷ್ಟು ಬಾರದಿದ್ದರೆ ವ್ಯಾಯಾಮದ ಭಾಗವನ್ನು ತಪ್ಪದೆ ಓದಿ.

ಇದರ ಜೊತೆಗೆ ರಕ್ತದೊತ್ತಡ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ನೋಡಿಸಿ. 45 ದಾಟಿದವರಿಗೆ ಮುಟ್ಟು ನಿಲ್ಲುತ್ತಿದೆಯೇ ಎಂದು ತಿಳಿಯಲು ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ, ಆ ದುಡ್ಡು ಉಳಿಸಿ.

ಸ್ತನ ಕ್ಯಾನ್ಸರ್ ಅಥವಾ ಗರ್ಭಕೋಶದ ಒಳಪದರದ ಕ್ಯಾನ್ಸರ್ ಆಗಿದ್ದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಹೃದಯಾಘಾತ, ಪಾರ್ಶ್ವವಾಯು ಆಗಿದ್ದವರು, ಲಿವರ್ ಕಾಯಿಲೆ ಇರುವವರು ಮೊದಲೇ ವೈದ್ಯರಿಗೆ ಹೇಳಬೇಕು. ಇವರಲ್ಲಿ ಹೆಚ್ಚಿನವರಿಗೆ ಈ ಚಿಕಿತ್ಸೆ ಒಗ್ಗದು. ಉಳಿದವರಿಗೆ ಲಾಭ ನಷ್ಟದ ತೂಗುವಿಕೆ ಚೆನ್ನಾಗಿರುವುದು 60 ವರ್ಷದೊಳಗೆ ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಶುರುಮಾಡಿದಾಗ.

ಮಾತ್ರೆ, ಪ್ಯಾಚ್, ಜೆಲ್

ತೂಕದ ದೃಷ್ಟಿಯಿಂದ ನೋಡಿದರೆ ಇಲ್ಲಿನ ಆಯ್ಕೆಯೇ ದೊಡ್ಡದು. ನುಂಗಿದ ಈಸ್ಟ್ರೋಜನ್ ಕರುಳಿನಿಂದ ಸೀದಾ ಲಿವರಿಗೆ ಹೋಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಹೆಚ್ಚುತ್ತವೆ, ಟ್ರೈಗ್ಲಿಸರೈಡ್ ಏರುತ್ತದೆ, ಸ್ನಾಯುವಿಗೆ ಬೇಕಾದ ಐಜಿಎಫ್-1 ಎಂಬ ಹಾರ್ಮೋನ್ ಇಳಿಯುತ್ತದೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ಮಾತ್ರೆ ತಗೊಂಡವರಿಗೆ ಕೊಬ್ಬು ತುಸು ಹೆಚ್ಚಿ, ಸ್ನಾಯು ತುಸು ತಗ್ಗಿದ್ದು ಕಂಡಿದೆ, ಚರ್ಮಕ್ಕೆ ಅಂಟಿಸುವ ಪ್ಯಾಚಿನಲ್ಲಿ ಹಾಗೆ ಕಂಡಿಲ್ಲ. ಚರ್ಮದ ಮೂಲಕ ಹೋಗುವ ಈಸ್ಟ್ರೋಜನ್ ಸಾಮಾನ್ಯ ಪ್ರಮಾಣದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸಿದ್ದೂ ಕಂಡುಬಂದಿಲ್ಲ. ದಪ್ಪ ಮೈಯವರಿಗೆ ಆ ಅಪಾಯ ಮೊದಲೇ ಜಾಸ್ತಿ. ಹಾಗಾಗಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ದಾಟಿದವರಿಗೆ ಪ್ಯಾಚ್ ಅಥವಾ ಜೆಲ್ಲೇ ಮೊದಲ ಆಯ್ಕೆ. ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೂ ಅದೇ ಮಾತು.

ಪ್ರಮಾಣ ಗೊತ್ತಿರಲಿ. ಎಸ್ಟ್ರಡಯೋಲ್ (ಈಸ್ಟ್ರೋಜನ್ನಿನ ಒಂದು ಬಗೆ) ಮಾತ್ರೆ ಸಾಮಾನ್ಯವಾಗಿ 1 ಅಥವಾ 2 ಮಿ.ಗ್ರಾಂ. ಪ್ಯಾಚ್ ದಿನಕ್ಕೆ 25, 50, 75 ಅಥವಾ 100 ಮೈಕ್ರೋಗ್ರಾಂ ಬಿಡುತ್ತದೆ. ಪಂಪ್ ಇರುವ ಜೆಲ್ಲಿನಲ್ಲಿ ಹಲವು ಬ್ರ್ಯಾಂಡುಗಳು ಒಂದು ಒತ್ತಿಗೆ 0.75 ಮಿ.ಗ್ರಾಂ ಕೊಡುತ್ತವೆ. ಕಡಿಮೆಯಿಂದ ಶುರುಮಾಡಿ ಬಿಸಿಯುರಿ ತಗ್ಗುವವರೆಗೆ ಏರಿಸುವುದು ರೂಢಿ. ತೂಕ ಇಳಿಯಲಿ ಎಂದು ಪ್ರಮಾಣ ಏರಿಸುವುದು ತಪ್ಪು. ಇಳಿಯುವುದೂ ಇಲ್ಲ, ಎದೆ ಬಿಗಿತ, ನೀರು ತುಂಬುವುದು ಮಾತ್ರ ಹೆಚ್ಚುತ್ತದೆ.

ಗರ್ಭಕೋಶ ಇರುವವರು ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟೋಜನ್ ಎಂಬ ಎರಡನೆಯ ಹಾರ್ಮೋನ್ ತಗೊಳ್ಳಲೇಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಕ್ಯಾನ್ಸರಿಗೆ ದಾರಿಯಾಗಬಹುದು. ಮೈಯ ಕೊಬ್ಬೂ ತಾನೇ ಈಸ್ಟ್ರೋಜನ್ ತಯಾರಿಸುವುದರಿಂದ ದಪ್ಪ ಇರುವವರಿಗೆ ಈ ನಿಯಮದಲ್ಲಿ ರಿಯಾಯಿತಿಯೇ ಇಲ್ಲ. ಇದರ ಒಂದು ಬಗೆಯಾದ ಮೈಕ್ರೋನೈಸ್ಡ್ ಪ್ರೊಜೆಸ್ಟರಾನ್ ದಿನವೂ ತಗೊಳ್ಳುವುದಾದರೆ 100 ಮಿ.ಗ್ರಾಂ, ತಿಂಗಳಲ್ಲಿ 12ರಿಂದ 14 ದಿನ ಮಾತ್ರ ಆದರೆ 200 ಮಿ.ಗ್ರಾಂ. ಈಸ್ಟ್ರೋಜನ್ ಹೆಚ್ಚಿದರೆ ಇದನ್ನೂ ಹೆಚ್ಚಿಸಬೇಕಾಗಬಹುದು. ನಿದ್ದೆ ಬರಿಸುವ ಗುಣ ಇರುವುದರಿಂದ ಮಲಗುವ ಮುಂಚೆ ತಗೊಳ್ಳಿ. ಹೊಟ್ಟೆಯುಬ್ಬರ, ಹಸಿವು ಹೆಚ್ಚಾದ ಅನುಭವ, ಕಾಲು ಭಾರ ಇವುಗಳ ದೂರು ಬಂದಾಗ ಅನುಮಾನ ಮೊದಲು ಹೋಗಬೇಕಾದದ್ದು ಪ್ರೊಜೆಸ್ಟೋಜನ್ ಕಡೆಗೆ. ಮಾತ್ರೆ ಒಗ್ಗದವರಿಗೆ 52 ಮಿ.ಗ್ರಾಂ ಲೆವೊನೊರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟೋಜನ್ ಇರುವ, ಗರ್ಭಕೋಶದೊಳಗೆ ಇಡುವ ಸಾಧನ ಒಂದು ದಾರಿ. ಹಾರ್ಮೋನ್ ಅಲ್ಲೇ ಬಿಡುಗಡೆಯಾಗುವುದರಿಂದ ಉಳಿದ ಮೈಗೆ ತಲುಪುವುದು ಬಹಳ ಕಡಿಮೆ, ಒಳಪದರದ ರಕ್ಷಣೆ 5 ವರ್ಷ. ಡ್ರಾಸ್ಪಿರೆನೋನ್ ಎಂಬ ಇನ್ನೊಂದು ಪ್ರೊಜೆಸ್ಟೋಜನ್ ಇರುವ ಮಾತ್ರೆಗಳು ನೀರು ನಿಲ್ಲುವುದನ್ನು ತಡೆಯುತ್ತವೆ. ಆದರೆ ಅದು ಪೊಟ್ಯಾಸಿಯಂ ಏರಿಸಬಲ್ಲದು. ಮೂತ್ರಪಿಂಡದ ತೊಂದರೆ ಇರುವವರು, ಸ್ಪೈರೊನೊಲ್ಯಾಕ್ಟೋನ್ ಅಥವಾ ರಾಮಿಪ್ರಿಲ್‌ನಂಥ ಮಾತ್ರೆ ತಗೊಳ್ಳುವವರು ಹೇಳದೆ ಶುರುಮಾಡಬಾರದು.

ಮೈಕೈಗೆ ತಕ್ಕಂತೆ ಕಲಸಿಕೊಡುತ್ತೇವೆ ಎನ್ನುವ ‘ಬಯೋಐಡೆಂಟಿಕಲ್’ ಮಿಶ್ರಣಗಳು, ಚರ್ಮದೊಳಗೆ ಇಡುವ ಪೆಲೆಟ್‌ಗಳು ಬೇಡ. ಅವುಗಳಲ್ಲಿ ಎಷ್ಟು ಔಷಧವಿದೆ ಎಂಬುದರ ಮೇಲೆ ನಿಗಾ ಇಲ್ಲ, ಪೆಲೆಟ್ ಇಟ್ಟ ಮೇಲೆ ವಾಪಸ್ ತೆಗೆಯುವುದೂ ಕಷ್ಟ.

ಔಷಧ ಕೆಲಸ ಮಾಡುತ್ತಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಹಚ್ಚುವ ತಪ್ಪು ಇರುತ್ತದೆ. ಪ್ಯಾಚ್ ಅಂಟಿಸುವುದು ಸೊಂಟದಿಂದ ಕೆಳಗೆ, ಪೃಷ್ಠದ ಮೇಲ್ಭಾಗ ಅಥವಾ ಕಿಬ್ಬೊಟ್ಟೆಯಲ್ಲಿ. ಎದೆಯ ಮೇಲೆ ಎಂದೂ ಅಲ್ಲ, ಬಟ್ಟೆಯ ಬಿಗಿಪಟ್ಟಿ ಉಜ್ಜುವ ಜಾಗದಲ್ಲೂ ಅಲ್ಲ. ಸ್ನಾನದ ನಂತರ ಚರ್ಮ ಪೂರ್ತಿ ಒಣಗಲಿ, ಎಣ್ಣೆ, ಕ್ರೀಂ, ಪೌಡರ್ ಇರದಿರಲಿ. ಅಂಗೈಯಿಂದ 10 ಸೆಕೆಂಡ್ ಒತ್ತಿ ಹಿಡಿದು, ಅಂಚಿನ ಸುತ್ತ ಬೆರಳಾಡಿಸಿ. ಬ್ರ್ಯಾಂಡ್ ನೋಡಿ ವಾರಕ್ಕೆ ಎರಡು ಸಲವೋ ಒಂದು ಸಲವೋ ಬದಲಿಸಬೇಕು, ಪ್ರತಿ ಸಲ ಜಾಗವೂ ಬದಲಾಗಬೇಕು. ಜೆಲ್ ಆದರೆ ತೋಳಿನ ಹೊರಭಾಗ ಅಥವಾ ಒಳತೊಡೆಯ ಮೇಲೆ, ಚೀಟಿಯಲ್ಲಿ ಹೇಳಿದಷ್ಟು ಅಗಲಕ್ಕೆ ತೆಳುವಾಗಿ ಹಚ್ಚಿ, 5 ನಿಮಿಷ ಒಣಗಲು ಬಿಡಿ, ಕೈ ಸೋಪಿನಿಂದ ತೊಳೆಯಿರಿ. ಆಮೇಲೆ ಕನಿಷ್ಠ 1 ಗಂಟೆ ಆ ಜಾಗ ಮಕ್ಕಳ ಮೈಗೆ ತಾಗದಂತೆ ಬಟ್ಟೆ ಮುಚ್ಚಿರಲಿ. ಸರಿಯಾಗಿ ಹಚ್ಚಿಯೂ ಬಿಸಿಯುರಿ ನಿಲ್ಲದಿದ್ದರೆ ರಕ್ತದಲ್ಲಿ ಎಸ್ಟ್ರಡಯೋಲ್ ಎಷ್ಟಿದೆ ಎಂದು ನೋಡಬಹುದು, ಏಕೆಂದರೆ ಚರ್ಮ ಹೀರುವ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು ರೀತಿ.

ಮೊದಲ 12 ವಾರ: ನೀರೋ ಕೊಬ್ಬೋ

ಶುರುಮಾಡಿದ ಎರಡನೇ ವಾರದಲ್ಲಿ ಯಂತ್ರ 1.5 ಅಥವಾ 2 ಕೆ.ಜಿ. ಹೆಚ್ಚು ತೋರಿಸಿತು ಅನ್ನಿ. ಗಾಬರಿಯಾಗುವ ಮೊದಲು ಒಂದು ಲೆಕ್ಕ ಮಾಡಿ. 1 ಕೆ.ಜಿ. ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚುವರಿಯಾಗಿ ತಿಂದಿರಬೇಕು. 2 ಕೆ.ಜಿ.ಗೆ 15,400. ಒಂದೇ ವಾರದಲ್ಲಿ ಅಂದರೆ ದಿನಕ್ಕೆ 2,200 ಹೆಚ್ಚುವರಿ, ಹೆಚ್ಚುಕಡಿಮೆ ಇನ್ನೊಬ್ಬ ಮನುಷ್ಯರ ಇಡೀ ದಿನದ ಊಟ. ನೀವು ಹಾಗೆ ತಿಂದಿಲ್ಲ ಎಂದಾದರೆ ಅದು ಕೊಬ್ಬಲ್ಲ.

ಈಸ್ಟ್ರೋಜನ್ ಮತ್ತು ಕೆಲವು ಪ್ರೊಜೆಸ್ಟೋಜನ್‌ಗಳು ಉಪ್ಪು ಮತ್ತು ನೀರನ್ನು ಮೈಯಲ್ಲಿ ಹಿಡಿದಿಡುತ್ತವೆ. ನೀರಿನ ಗುರುತುಗಳು: ಕೆಲವೇ ದಿನಗಳಲ್ಲಿ ಬಂದದ್ದು, ಸಂಜೆಗೆ ಉಂಗುರ ಬಿಗಿ, ಕಾಲುಚೀಲ ತೆಗೆದರೆ ಕಣಕಾಲಿನ ಮೇಲೆ ಆಳವಾದ ಗೆರೆ, ಎದೆ ಭಾರ, ಬೆಳಗ್ಗೆಗೂ ರಾತ್ರಿಗೂ ತೂಕದಲ್ಲಿ ಎದ್ದುಕಾಣುವ ಅಂತರ. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಕೆಲವು ಸೆಕೆಂಡ್ ಒತ್ತಿ ತೆಗೆದಾಗ ಗುಳಿ ಉಳಿದರೂ ಅದು ನೀರೇ. ಕೊಬ್ಬು ಬರುವ ರೀತಿ ಬೇರೆ. ತಿಂಗಳುಗಟ್ಟಲೆ, 7 ದಿನದ ಸರಾಸರಿಯಲ್ಲಿ ಸ್ವಲ್ಪಸ್ವಲ್ಪವೇ, ಜೊತೆಗೆ ಟೇಪಿನ ಅಳತೆಯೂ ಏರುತ್ತಾ.

ನೀರಿಗೆ ಮಾಡಬೇಕಾದದ್ದು ಸರಳ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ, ಸರಿಸುಮಾರು ಒಂದು ಚಹಾ ಚಮಚ, ಪೊಟ್ಟಣದ ತಿಂಡಿ, ಉಪ್ಪಿನಕಾಯಿಯಲ್ಲಿರುವುದೂ ಸೇರಿ. ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ. ನಡೆದಾಡಿ, ಕೂತಾಗ ಕಾಲು ಮೇಲಿಡಿ. ಬಹಳ ಜನರಿಗೆ ಇದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನೀವೇ ತಗೊಳ್ಳಬೇಡಿ. 12 ವಾರವಾದರೂ ಊತ ಉಳಿದರೆ ಈ ಕ್ರಮದಲ್ಲಿ ವೈದ್ಯರನ್ನು ಕೇಳಿ: ಪ್ರಮಾಣ ಇಳಿಸಬಹುದೇ, ಮಾತ್ರೆಯಿಂದ ಪ್ಯಾಚಿಗೆ ಹೋಗಬಹುದೇ, ಪ್ರೊಜೆಸ್ಟೋಜನ್ ಬದಲಿಸಬಹುದೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ಯಾರಿಗೂ ತಿಳಿಯದು.

ಒಂದೇ ಕಾಲು ಊದಿ ನೋವಿದ್ದರೆ, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ, ಮುಖ ಕೈ ಸೋತರೆ, ಮಾತು ತೊದಲಿದರೆ ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ. ಶುರುಮಾಡಿದ ಮೊದಲ 6 ತಿಂಗಳಲ್ಲಿ ಅಲ್ಪಸ್ವಲ್ಪ ರಕ್ತಸ್ರಾವ ಸಾಮಾನ್ಯ. ಆಮೇಲೂ ಮುಂದುವರಿದರೆ, ಅಥವಾ ನಿಂತು ಹೊಸದಾಗಿ ಬಂದರೆ, ಸ್ಕ್ಯಾನ್ ಆಗಲೇಬೇಕು.

3 ತಿಂಗಳಾದರೂ ಏರುತ್ತಲೇ ಇದ್ದರೆ

ಟೇಪಿನ ಅಳತೆಯೂ ಸರಾಸರಿ ತೂಕವೂ ಒಟ್ಟಿಗೆ ಏರುತ್ತಿದ್ದರೆ ಕಾರಣವನ್ನು ಹಾರ್ಮೋನಿನಲ್ಲಲ್ಲ, ಬೇರೆಡೆ ಹುಡುಕಿ. ಮೊದಲ ಅನುಮಾನ ಥೈರಾಯ್ಡ್. ಅದರಲ್ಲೂ ಮೊದಲೇ ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) ತಗೊಳ್ಳುತ್ತಿರುವವರು ಎಚ್ಚರ ವಹಿಸಬೇಕು. ನುಂಗುವ ಈಸ್ಟ್ರೋಜನ್ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುತ್ತದೆ, ಹಾಗಾಗಿ ನಿನ್ನೆಯವರೆಗೆ ಸರಿಯಿದ್ದ ಥೈರಾಕ್ಸಿನ್ ಡೋಸು ಇಂದು ಸಾಲದೆ ಬರಬಹುದು. ಶುರುಮಾಡಿದ 6ರಿಂದ 12 ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಿಸಿ. ಪ್ಯಾಚ್, ಜೆಲ್ಲಿನಲ್ಲಿ ಈ ತೊಡಕಿಲ್ಲ.

ಎರಡನೆಯ ಅನುಮಾನ ಮನೆಯ ಔಷಧದ ಡಬ್ಬಿಯದು. ಮಿರ್ಟಜಪೀನ್, ಅಮಿಟ್ರಿಪ್ಟಿಲೀನ್, ಪ್ಯಾರಾಕ್ಸೆಟಿನ್, ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ಓಲಾಂಜಪೀನ್, ಪ್ರೆಡ್ನಿಸೊಲೋನ್, ಇನ್ಸುಲಿನ್, ಗ್ಲಿಮೆಪಿರೈಡ್, ಹಳೆಯ ಬೀಟಾ ಬ್ಲಾಕರ್‌ಗಳು, ಇವೆಲ್ಲ ತೂಕ ಏರಿಸಬಲ್ಲವು. ಇದರಲ್ಲೊಂದು ವಿಪರ್ಯಾಸ: ಹಾರ್ಮೋನ್ ಬೇಡ, ದಪ್ಪ ಆಗ್ತೀನಿ ಎಂದವರಿಗೆ ಬಿಸಿಯುರಿಗೆಂದು ಕೊಡುವ ಬದಲಿ ಔಷಧಗಳಲ್ಲಿ ಗ್ಯಾಬಪೆಂಟಿನ್, ಪ್ಯಾರಾಕ್ಸೆಟಿನ್ ಕೂಡ ಇವೆ. ಯಾವುದನ್ನೂ ತಾವಾಗಿ ನಿಲ್ಲಿಸಬೇಡಿ, ಪಟ್ಟಿ ಮಾಡಿಕೊಂಡು ಹೋಗಿ ಕೇಳಿ.

ಮೂರನೆಯದು ಗೊರಕೆ. ಮುಟ್ಟು ನಿಂತ ಮೇಲೆ ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಹೆಚ್ಚು. ಬೆವರು ನಿಂತರೂ ಬೆಳಗ್ಗೆ ತಲೆಭಾರ, ಹಗಲೆಲ್ಲ ತೂಕಡಿಕೆ ಇದ್ದರೆ ಆ ಪರೀಕ್ಷೆ ಮಾಡಿಸಬೇಕು.

ಸ್ನಾಯು ಉಳಿಸಿಕೊಳ್ಳುವುದು

ಬರೀ ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಮೂಳೆಯೂ ಹೋಗುತ್ತವೆ. ಈ ವಯಸ್ಸಿನಲ್ಲಿ ಅದು ದುಬಾರಿ. ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥದ್ದು, ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಡಿಗೆಯನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಸಮಯ ಕಮ್ಮಿ ಇದ್ದರೆ ಬಿಡಬೇಕಾದದ್ದು ನಡಿಗೆಯ ಒಂದು ದಿನವನ್ನು, ಭಾರ ಎತ್ತುವ ದಿನವನ್ನಲ್ಲ.

ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ಎದೆ ತಳ್ಳುವುದು, ಎರಡೂ ಕೈಯಲ್ಲಿ ಭಾರ ಹಿಡಿದು ಸೊಂಟದಿಂದ ಬಾಗಿ ಏಳುವುದು, ರಬ್ಬರ್ ಪಟ್ಟಿಯನ್ನು ಎದೆಯ ಕಡೆಗೆ ಎಳೆಯುವುದು, ಈ ನಾಲ್ಕು ಸಾಕು. ತಲಾ 8ರಿಂದ 12 ಸಲ, 2ರಿಂದ 3 ಸುತ್ತು, ನಡುವೆ 1ರಿಂದ 2 ನಿಮಿಷ ಬಿಡುವು. ಕೊನೆಯ ಎರಡು ಸಲ ಕಷ್ಟವಾಗಬೇಕು. ಸಲೀಸಾಗಿ 12 ಮುಗಿದರೆ ಮುಂದಿನ ವಾರ ಭಾರ ಸ್ವಲ್ಪ ಹೆಚ್ಚಿಸಿ. ತಿಂಗಳುಗಟ್ಟಲೆ ಅದೇ 1 ಕೆ.ಜಿ. ಡಂಬೆಲ್ ಎತ್ತುತ್ತಿದ್ದರೆ ಸ್ನಾಯುವಿಗೆ ಬೆಳೆಯುವ ಕಾರಣವೇ ಇಲ್ಲ. ಮೂಳೆ ಈಗಾಗಲೇ ಸವೆದಿದ್ದರೆ ಬೆನ್ನು ಗೂನು ಮಾಡಿ ಬಾಗುವ ವ್ಯಾಯಾಮ ಬೇಡ.

ಪ್ರೋಟೀನು ದಿನಕ್ಕೆ ಪ್ರತಿ ಕೆ.ಜಿ. ದೇಹತೂಕಕ್ಕೆ 1ರಿಂದ 1.2 ಗ್ರಾಂ. 60 ಕೆ.ಜಿ. ಇರುವವರಿಗೆ 60ರಿಂದ 72 ಗ್ರಾಂ. ಇದನ್ನು ಮೂರು ಊಟಕ್ಕೂ ಹಂಚಿ, ಒಂದೇ ಹೊತ್ತಿಗೆ ಸುರಿಯಬೇಡಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 7ರಿಂದ 8, ಬೇಯಿಸಿದ ಕಾಳು ಒಂದು ಕಪ್ಪಿಗೆ ಸುಮಾರು 15. ಮೂತ್ರಪಿಂಡದ ಕಾಯಿಲೆ ಇದ್ದರೆ ಈ ಲೆಕ್ಕ ನಿಮಗಲ್ಲ. ಕ್ಯಾಲೊರಿ ಕಡಿತ ದಿನಕ್ಕೆ 300ರಿಂದ 500 ಸಾಕು. ಮದ್ಯ ತಗೊಳ್ಳುವವರಿಗೆ ಕಡಿತದ ಮೊದಲ ಜಾಗ ಅದೇ, ಕೆಲವರಿಗೆ ಬಿಸಿಯುರಿಯೂ ತಗ್ಗಬಹುದು.

ತೂಕ ಇಳಿಸುವ ಚುಚ್ಚುಮದ್ದು ಜೊತೆಗಿದ್ದರೆ

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳನ್ನು ಎಚ್‌ಆರ್‌ಟಿ ಜೊತೆ ತಗೊಳ್ಳುವವರು ಹೆಚ್ಚುತ್ತಿದ್ದಾರೆ. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ, ಡೋಸ್ ಏರಿಸಿದಾಗಲೆಲ್ಲ ವಾಂತಿ ಭೇದಿಯೂ ಆಗಬಹುದು. ನುಂಗಿದ ಮಾತ್ರೆ ಸರಿಯಾಗಿ ಹೀರಲ್ಪಡದಿರುವ ಸಾಧ್ಯತೆ ಇದೆ. ಈಸ್ಟ್ರೋಜನ್ ಪ್ಯಾಚಿನಿಂದ ಪೂರ್ತಿ ಹೋಗುತ್ತಾ, ನುಂಗಿದ ಪ್ರೊಜೆಸ್ಟರಾನ್ ಮಾತ್ರ ಅರ್ಧಂಬರ್ಧ ಸಿಕ್ಕರೆ ಗರ್ಭಕೋಶದ ಒಳಪದರಕ್ಕೆ ರಕ್ಷಣೆ ತಪ್ಪುತ್ತದೆ. ಆದ್ದರಿಂದ ಈ ಎರಡು ಚಿಕಿತ್ಸೆ ಕೊಡುವ ವೈದ್ಯರು ಬೇರೆಬೇರೆಯಾದರೆ ಇಬ್ಬರಿಗೂ ಹೇಳಿ. ಗರ್ಭಕೋಶದ ಸಾಧನಕ್ಕೆ ಬದಲಾಯಿಸುವುದೋ, ಚುಚ್ಚುಮದ್ದು ಶುರುಮಾಡಿದಾಗ ಮತ್ತು ಏರಿಸಿದಾಗ ಕೆಲವು ವಾರ ಪ್ರೊಜೆಸ್ಟರಾನ್ ಹೆಚ್ಚಿಸುವುದೋ ಅವರು ತೀರ್ಮಾನಿಸುತ್ತಾರೆ. ಹೊಸದಾಗಿ ರಕ್ತಸ್ರಾವ ಕಂಡರೆ ಮುಚ್ಚಿಡಬೇಡಿ.

ಕ್ಯಾನ್ಸರ್ ಮತ್ತು ತೂಕ, ಒಂದೇ ಲೆಕ್ಕದಲ್ಲಿ

ಬ್ರಿಟನ್ನಿನಲ್ಲಿ ವೈದ್ಯರು ಬಳಸುವ ಒಂದು ಹೋಲಿಕೆ ಇದೆ. 50ರಿಂದ 59 ವಯಸ್ಸಿನ 1,000 ಹೆಂಗಸರಲ್ಲಿ 5 ವರ್ಷದಲ್ಲಿ ಸುಮಾರು 23 ಜನರಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಎರಡು ಹಾರ್ಮೋನ್ ಸೇರಿದ ಎಚ್‌ಆರ್‌ಟಿ ತಗೊಂಡರೆ ಇದಕ್ಕೆ 4 ಸೇರುತ್ತದೆ. ಬಿಎಂಐ 30 ದಾಟಿದ್ದರೆ ಸೇರುವುದು 24. ವಾರಕ್ಕೆ ಎರಡೂವರೆ ಗಂಟೆ ವ್ಯಾಯಾಮ ಮಾಡಿದರೆ 7 ಕಡಿಮೆಯಾಗುತ್ತದೆ. ಬಿಸಿಯುರಿಗೆ ಔಷಧ ಬೇಡವೆಂದು ವರ್ಷಗಟ್ಟಲೆ ನಿದ್ದೆಗೆಟ್ಟು, ಅದರಿಂದಲೇ ತೂಕ ಏರಿಸಿಕೊಳ್ಳುವುದು ಎಂಥ ವ್ಯಾಪಾರ ಎಂಬುದನ್ನು ಈ ಅಂಕಿಗಳ ಎದುರು ಇಟ್ಟು ನೋಡಬೇಕು.

ನಿಲ್ಲಿಸುವಾಗ

ಶುರುಮಾಡಿ 3 ತಿಂಗಳಾದಾಗ ಒಂದು ಸಲ, ಆಮೇಲೆ ವರ್ಷಕ್ಕೊಮ್ಮೆ ವೈದ್ಯರನ್ನು ಕಂಡು ಮುಂದುವರಿಸಬೇಕೇ ಎಂದು ಕೇಳಿ. 40ರೊಳಗೆ ಮುಟ್ಟು ನಿಂತವರು ಸಾಮಾನ್ಯವಾಗಿ ನಿಲ್ಲಬೇಕಾದ ವಯಸ್ಸಿನವರೆಗಾದರೂ, ಅಂದರೆ ಸುಮಾರು 50ರವರೆಗೆ, ಹಾರ್ಮೋನ್ ತಗೊಳ್ಳುವುದು ಒಳ್ಳೆಯದು. ಉಳಿದವರು ಬಿಡುವಾಗ ಥಟ್ಟನೆ ಬಿಟ್ಟರೂ, ಇಳಿಸುತ್ತಾ ಬಿಟ್ಟರೂ ದೀರ್ಘಕಾಲದಲ್ಲಿ ವ್ಯತ್ಯಾಸವಿಲ್ಲ. ನಿಧಾನಕ್ಕೆ ಇಳಿಸಿದರೆ ಮೊದಲ ವಾರಗಳ ಬಿಸಿಯುರಿ ಸ್ವಲ್ಪ ಸೌಮ್ಯ, ಅಷ್ಟೆ. ಹಿಡಿದಿದ್ದ ನೀರು ಹೋಗಿ ತೂಕ ತುಸು ಇಳಿದದ್ದನ್ನು ಕಂಡು ‘ನೋಡಿದ್ರಾ, ಮಾತ್ರೆಯದೇ ತಪ್ಪು’ ಎನ್ನುವವರಿದ್ದಾರೆ. ಅವರು ಟೇಪು ಹಿಡಿಯಲಿ. ಒಳಕೊಬ್ಬಿಗಿದ್ದ ಅಡ್ಡಗಾಲು ಹೋಗಿರುವುದರಿಂದ ಬಿಟ್ಟ ಮೊದಲ ವರ್ಷ ಸುತ್ತಳತೆಯನ್ನು ತಿಂಗಳಿಗೊಮ್ಮೆ ನೋಡುವುದು ಮುಖ್ಯ, ಭಾರ ಎತ್ತುವ ವ್ಯಾಯಾಮಕ್ಕೆ ಇನ್ನೊಂದು ದಿನ ಸೇರಿಸುವುದು ಇನ್ನೂ ಮುಖ್ಯ. ಯೋನಿಯ ಒಣತನ ಮಾತ್ರ ಉಳಿದಿದ್ದರೆ ಅಲ್ಲೇ ಇಡುವ 10 ಮೈಕ್ರೋಗ್ರಾಂ ಎಸ್ಟ್ರಡಯೋಲ್ ಮಾತ್ರೆ ಇದೆ, 2 ವಾರ ದಿನವೂ, ಆಮೇಲೆ ವಾರಕ್ಕೆ 2 ಸಲ. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಬೇಕಾದಷ್ಟು ವರ್ಷ ಮುಂದುವರಿಸಬಹುದು, ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ.